ಚೆಂಡು ತರಲೊಲ್ಲದ ದೊರೆಯವರ ಸನ್ನಿಧಿಗೆ

ಮಾನ್ಯರೇ,

ಲ್ಯಾಬ್ರಡಾರ್ ಕುಲತಿಲಕರೂ, ನಾರಾಯಣಖೇಡದ ನಮ್ಮ ಓಣಿಯ ಸಮಸ್ತ ವಾಸನೆಗಳ ಏಕಮಾತ್ರ ವಾರಸುದಾರರೂ, ಈ ಹೊತ್ತು ನಮ್ಮ ಮನೆಯ ಕಟ್ಟೆಯ ಮೇಲೆ ಅಂಗಾತ ಮಲಗಿ ಹೊಟ್ಟೆಗೆ ಬಿಸಿಲು ಕಾಯಿಸಿಕೊಳ್ಳುತ್ತಿರುವವರೂ ಆದ ಶ್ರೀ ದೊರೆಯವರಿಗೆ, ತಮ್ಮ ತಾಟು ತೊಳೆಯುವ ರಾಜೇಶ್ವರಿ ಮಾಡುವ ಶರಣು ಶರಣಾರ್ಥಿಗಳು. ತಾವು ಕ್ಷೇಮವೆಂಬುದು ತಮ್ಮ ಗೊರಕೆಯಿಂದಲೇ ತಿಳಿದಿದೆ. ನನ್ನ ಕ್ಷೇಮವನ್ನು ತಾವು ಯಾವತ್ತೂ ವಿಚಾರಿಸಿದವರಲ್ಲವಾದ್ದರಿಂದ ನೇರವಾಗಿ ದೂರಿಗೇ ಬರುತ್ತೇನೆ.

ನಾನು ಇಲ್ಲಿಯ ಹೈಸ್ಕೂಲಿನ ಪಿ.ಟಿ. ಟೀಚರು ಎಂಬುದು ತಮಗೆ ಗೊತ್ತಿದೆ. ಬಹಿರಂಗ ಪತ್ರವಾದ್ದರಿಂದ ಉಳಿದವರಿಗೂ ಗೊತ್ತಿರಲಿ. ಮನೂರಿನ ಕಡೆಯಿಂದ ಶೇರ್ ಆಟೋದಲ್ಲಿ ಒಬ್ಬರ ಮೇಲೊಬ್ಬರು ಕೂತು ಬರುವ ಹುಡುಗಿಯರನ್ನು ಖೊಖೊದಲ್ಲಿ ಓಡಿಸಿ ಜಿಲ್ಲಾ ಮಟ್ಟದ ಕಪ್ ಗೆದ್ದು ತಂದವಳು ನಾನು. ನನ್ನ ಸೀಟಿ ಕೇಳಿದರೆ ನಮ್ಮ ಹೆಡ್ ಮಾಸ್ತರರೂ ಹೆಜ್ಜೆ ಬಿರುಸು ಮಾಡುತ್ತಾರೆ. ಆ ಸೀಟಿಗೆ ಒಂದು ಕಿವಿಯನ್ನೂ ಎತ್ತದ ಮೊದಲ ಜೀವ ತಾವು. ನಮ್ಮ ಯಜಮಾನರು ಶರಣಕುಮಾರರು ತಮ್ಮನ್ನು ಜಹೀರಾಬಾದಿನಿಂದ ಕೈಚೀಲದಲ್ಲಿ ತಂದ ದಿನವೇ ನಮ್ಮ ಅತ್ತೆ ಶಾಂತಾಬಾಯಿಯವರು ತಮ್ಮನ್ನು ಒಮ್ಮೆ ನೋಡಿ, ದುಡಿಯದೆ ಕೂತು ಉಣ್ಣುವವರಿಗೆ ಈ ಸೀಮೆಯಲ್ಲಿ ಅನ್ನುವ ‘ದೊರೆ’ ಎಂಬ ಹೆಸರನ್ನೇ ತಮಗೆ ಇಟ್ಟರು. ಅವರ ಕಣ್ಣು ಎಷ್ಟು ಚುರುಕೆಂದು ನನಗೆ ಆಮೇಲೆ ತಿಳಿಯಿತು.

ತಮ್ಮ ಮೂಗಿನ ವಿದ್ವತ್ತನ್ನು ನಾನು ಅಲ್ಲಗಳೆಯುವುದಿಲ್ಲ. ಮನೆಗೆ ಯಾರೇ ಬರಲಿ, ಮೊದಲು ಚಪ್ಪಲಿ, ಆಮೇಲೆ ಕಾಲು, ಆಮೇಲೆ ಚೀಲ, ಕಡೆಗೆ ಸೆರಗು, ಇಷ್ಟನ್ನೂ ತಪಾಸಣೆ ಮಾಡಿದ ಹೊರತು ತಾವು ಒಳಗೆ ಬಿಟ್ಟವರಲ್ಲ. ಅದನ್ನೂ ಸಹಿಸಿಕೊಂಡಿದ್ದೆವು. ಆದರೆ ಶ್ರಾವಣ ಸೋಮವಾರ ಪಾದಪೂಜೆಗೆಂದು ಮಠದ ಅಯ್ಯನವರು ಮಣೆಯ ಮೇಲೆ ಕೂತು, ಅತ್ತೆಯವರು ಅವರ ಪಾದಕ್ಕೆ ವಿಭೂತಿ ಹಚ್ಚಿ, ಪತ್ರಿ ಏರಿಸಿ, ಭಕ್ತಿಯಿಂದ ಕಣ್ಣು ಮುಚ್ಚಿದ ಹೊತ್ತಿನಲ್ಲಿ ತಾವು ಎಲ್ಲಿಂದಲೋ ಬಂದು, ಆ ಪಾದಗಳ ಒಂದೊಂದು ಬೆರಳ ಸಂದಿಯನ್ನೂ ನಿಧಾನವಾಗಿ ಮೂಸಿ, ವಿಭೂತಿ ಮೂಗಿಗೇರಿ ಮನೆ ನಡುಗುವಂತೆ ಸೀನಿದಿರಲ್ಲ, ಅದಕ್ಕೆ ಯಾವ ವಿದ್ವತ್ತಿನ ಹೆಸರಿಡಲಿ? ಅಯ್ಯನವರು ನಕ್ಕರು. ಅತ್ತೆಯವರು ನಗಲಿಲ್ಲ.

ಅಂದೇ ಸಂಜೆ ಅವರ ತೀರ್ಪು ಹೊರಬಿತ್ತು. “ಎಳ್ಳಮಾಸಿ ತನಕ ನೋಡ್ತೀನಿ. ಅಷ್ಟರಾಗ ಇವನಿಗಿ ಒಂದರೆ ಕೆಲಸ ಬರಬೇಕು. ಇಲ್ಲಾಂದ್ರ ಗುರುಬಸವನ ಗಾಡ್ಯಾಗ ಹಾಕಿ ತಾಂಡೂರಿಗಿ ಕಳಸ್ತೀನಿ ನೋಡು.” ಗುರುಬಸವ ನನ್ನ ಮೈದುನ. ತಾಂಡೂರಿನಲ್ಲಿ ಅವನದು ನೆಲಕ್ಕೆ ಹಾಸುವ ಪರ್ಸಿ ಕಲ್ಲು ಪಾಲಿಶ್ ಮಾಡುವ ಕಾರ್ಖಾನೆ. ಅಲ್ಲಿ ಕಾವಲಿಗೆ ನಾಯಿ ಬೇಕೆಂದು ಅವನು ಕೇಳುತ್ತಲೇ ಇದ್ದ. ಹಗಲೆಲ್ಲ ಸರಪಳಿ, ಹಗಲೆಲ್ಲ ಯಂತ್ರದ ಕರಕರ. ಕಲ್ಲಿನ ಧೂಳಿನ ಹೊರತು ಮೂಸಲು ಅಲ್ಲಿ ಏನೂ ಇಲ್ಲ. ಅದನ್ನು ನೆನೆದು ನಾನು ಹೆದರಿದೆ ಎಂಬುದನ್ನು ತಾವು ಗಮನಿಸಿರಲಿಕ್ಕಿಲ್ಲ. ಆಗ ತಾವು ನನ್ನ ಊಟದ ಡಬ್ಬಿಯ ಮುಚ್ಚಳವನ್ನು ಮೂಸುತ್ತಿದ್ದಿರಿ.

ಚೆಂಡಿನ ಹಿಂದೆ ಓಡುವವನಿಗೆ ಮೂಸಲು ಪುರುಸೊತ್ತೆಲ್ಲಿ ಎಂಬ ಧೈರ್ಯದಿಂದ, ಇವನಿಗೆ ಚೆಂಡು ತರುವುದನ್ನು ಕಲಿಸುತ್ತೇನೆಂದು ಅತ್ತೆಯವರ ಮುಂದೆ ಮಾತು ಕೊಟ್ಟೆ. ನಮ್ಮ ಮನೆಯ ಹಿಂದೆಯೇ ಇರುವ ಶಾಲೆಯ ಮೈದಾನದಲ್ಲಿ ಚೆಂಡೆಸೆದೆ. ತಾವು ಹೊರಟಿರಿ, ಸುಳ್ಳೇಕೆ ಹೇಳಲಿ, ಭರ್ಜರಿಯಾಗಿಯೇ ಹೊರಟಿರಿ. ಆದರೆ ಅರ್ಧ ದಾರಿಯಲ್ಲಿ ಯಾವುದೋ ಆಡು ನಿಂತುಹೋದ ಜಾಗ ಸಿಕ್ಕಿತು. ಹಳೇ ಪಹಣಿ ಓದುವ ಗುಮಾಸ್ತರಂತೆ ತಾವು ಅಲ್ಲಿಯೇ ಮೂಗು ಊರಿ ನಿಂತಿರಿ. ‘ತಾ’ ಎಂದೆ. ಜಹೀರಾಬಾದಿನಲ್ಲಿ ಹುಟ್ಟಿದವರಿಗೆ ಕನ್ನಡ ಹಿಡಿಸಲಿಕ್ಕಿಲ್ಲವೆಂದು ತೆಲುಗಿನಲ್ಲಿ ‘ತೀಸ್ಕೊ ರಾ’ ಎಂದೆ, ಉರ್ದುವಿನಲ್ಲಿ ‘ಲೇಕೆ ಆ’ ಎಂದೆ. ತಾವು ಮೂರೂ ಭಾಷೆಗಳನ್ನು ಸಮಾನ ಗೌರವದಿಂದ ಕಡೆಗಣಿಸಿದಿರಿ. ಚೆಂಡಿಗೆ ತುಪ್ಪ ಸವರಿದೆ. ತಾವು ನನ್ನ ಅಂಗೈಯನ್ನು ನೆಕ್ಕಿ, ಚೆಂಡನ್ನು ಇರುವೆಗಳಿಗೆ ದಾನ ಮಾಡಿದಿರಿ. ಹೀಗೆ ಶ್ರಾವಣದಿಂದ ಚಳಿಗಾಲದವರೆಗೆ ಎಸೆದವಳೂ ನಾನೇ, ಓಡಿದವಳೂ ನಾನೇ, ಹೆಕ್ಕಿ ತಂದವಳೂ ನಾನೇ. ಮಾಳಿಗೆಯ ಮೇಲೆ ಬಟ್ಟೆ ಒಣಹಾಕುತ್ತಿದ್ದ ಪಕ್ಕದ ಮನೆಯ ಸ್ವರೂಪಾ ಒಂದು ದಿನ ತಡೆಯಲಾರದೆ ಕೇಳಿಯೇಬಿಟ್ಟಳು: “ಟೀಚರ್, ಚೆಂಡು ತರಾಕ ನಿಮಗ ಯಾರು ಕಲಿಸ್ಯಾರ್ರಿ? ಭಾಳ ಚಂದ ತರ್ತೀರಿ.” ಅಂದಿನಿಂದ ನಾನು ಅವಳ ಮನೆಯ ಕಡೆ ಮುಖ ಎತ್ತಿ ನೋಡಿಲ್ಲ.

ಎಳ್ಳಮಾವಾಸ್ಯೆ ಬಂದೇಬಂತು. ಕಂಗ್ಟಿಯ ನಮ್ಮ ಹೊಲಕ್ಕೆ ಎಲ್ಲರೂ ಬುಟ್ಟಿ ಹೊತ್ತು ಹೊರಟೆವು. ಗುರುಬಸವ ಹೇಳಿದಂತೆ ಗಾಡಿ ತಂದಿದ್ದ. ಅದರ ಹಿಂದಿನ ಸೀಟಿನಲ್ಲಿ ತಮ್ಮ ಕಂಬಳಿ, ತಾಟು, ಚೆಂಡು ಮೂರನ್ನೂ ನಾನೇ ಇಟ್ಟೆ. ಆಮೇಲೆ ಜೋಳದ ಸಾಲಿನೊಳಗೆ ಹೋಗಿ ನಿಂತು ಅತ್ತುಬಿಟ್ಟೆ. ಗಟ್ಟಿಗಿತ್ತಿ ಟೀಚರೆಂದು ಹೆಸರು ಪಡೆದವಳು ನಾಯಿಗಾಗಿ ಅತ್ತೆನೆಂದು ಬರೆಯಲು ನನಗೇನೂ ನಾಚಿಕೆಯಿಲ್ಲ. ತಾವು ಹಿಂದೆಯೇ ಬಂದು ನನ್ನ ಒದ್ದೆ ಸೆರಗನ್ನು ಮೂಸಿದಿರಿ. ಮೂಸುವುದರ ಮೇಲೆ ನನಗೆ ಸಿಟ್ಟು ಬರದಿದ್ದುದು ಆ ಒಂದು ಸಲ ಮಾತ್ರ.

ಪೂಜೆ ಮುಗಿದು ಚರಗ ಚೆಲ್ಲುವ ಹೊತ್ತಾಯಿತು. ಮಾಡಿದ ಅಡಿಗೆಯಲ್ಲಿ ಭೂಮಿತಾಯಿಯ ಪಾಲನ್ನು ಹೊಲದ ಸುತ್ತ ಬೆಳೆಯೊಳಗೆ ಎರಚುವುದು ನಮ್ಮ ಪದ್ಧತಿ. ಶರಣಕುಮಾರರು ಮುಂದೆ ಮುಂದೆ ಎರಚುತ್ತ, ಅತ್ತೆಯವರು ಹಿಂದೆ ನೀರು ಚಿಮುಕಿಸುತ್ತ ಹೊರಟರು. ಮೊದಲ ಸಜ್ಜೆ ಕಡಬು ಗಾಳಿಯಲ್ಲಿ ಹಾರಿದ್ದೇ ತಡ, ತಾವು ಹುಟ್ಟಿದಂದಿನಿಂದ ಮಾಡದ ಕೆಲಸ ಮಾಡಿದಿರಿ. ಎಡಕ್ಕೆ ನೋಡಲಿಲ್ಲ, ಬಲಕ್ಕೆ ಮೂಸಲಿಲ್ಲ. ಬಾಣ ಬಿಟ್ಟಂತೆ ಹೋಗಿ, ಜೋಳದೊಳಗಿಂದ ಕಡಬನ್ನು ಎತ್ತಿಕೊಂಡು ಬಂದು ಅತ್ತೆಯವರ ಪಾದದ ಹತ್ತಿರ ಇಟ್ಟು, ಬಾಲ ಆಡಿಸುತ್ತ ಇನ್ನೊಂದಕ್ಕೆ ಕಾದಿರಿ. ನಮ್ಮವರು ಗಾಬರಿಯಲ್ಲಿ ಇನ್ನೊಂದನ್ನೂ ಎಸೆದರು, ಅದೂ ಬಂತು. ಭೂಮಿತಾಯಿಗೆ ಕೊಟ್ಟದ್ದನ್ನೆಲ್ಲ ತಾವು ವಾಪಸ್ ತಂದು ರಾಶಿ ಹಾಕುತ್ತಿದ್ದಿರಿ. ಗುರುಬಸವ ಸದ್ದಿಲ್ಲದೆ ಗಾಡಿಯ ಕೀಲಿ ಕೈಗೆ ತೆಗೆದುಕೊಂಡ. ನಾನು, ಮುಗಿಯಿತು ಕಥೆ ಎಂದುಕೊಂಡೆ.

ಅತ್ತೆಯವರು ಬಗ್ಗಿ ಒಂದು ಕಡಬನ್ನು ಎತ್ತಿ ಹಿಂದೆ ಮುಂದೆ ತಿರುಗಿಸಿ ನೋಡಿದರು. “ಬಾಯಾಗ ಹಿಡದು ತಂದಾನ, ಒಂದಕ್ಕರೆ ಹಲ್ಲು ಹಚ್ಚಿಲ್ಲ ನೋಡ್ರಿ. ನನ್ನ ಹೊಟ್ಟಿಲೆ ಹುಟ್ಟಿದ ಇಬ್ಬರೂ ಚರಗ ಮುಗಿಯೋ ತನಕ ತಡದವ್ರಲ್ಲ, ಬುಟ್ಟ್ಯಾಗ ಕೈ ಹಾಕಿ ತಿಂದವ್ರೇ. ಇಂವ ನಮ್ಮ ಮನ್ಯಾಗೇ ಇರ್ತಾನ.” ಹಾಗೆಂದು ಆ ಕಡಬನ್ನು ಕೈಯಾರೆ ಮುರಿದು ದೊರೆಯವರಾದ ತಮ್ಮ ಬಾಯಿಗಿಟ್ಟರು. ಇಬ್ಬರು ಗಂಡುಮಕ್ಕಳೂ ಜೋಳದ ತೆನೆ ಎಷ್ಟು ತುಂಬಿದೆಯೆಂದು ಬಹಳ ಹೊತ್ತು ಪರೀಕ್ಷಿಸಿದರು. ನಾನು ಮಾತ್ರ ಒಂದೇ ಓಟಕ್ಕೆ ಗಾಡಿಗೆ ಹೋಗಿ, ಯಾರ ಮನಸ್ಸೂ ಬದಲಾಗುವ ಮೊದಲೇ ತಮ್ಮ ಕಂಬಳಿ, ತಾಟು ಇಳಿಸಿಕೊಂಡು ಬಂದೆ.

ಇನ್ನು ದೂರು. ಈಗ ದಿನಾ ಸಂಜೆ ಅತ್ತೆಯವರು ಕೂತಲ್ಲಿಂದಲೇ ಒಣ ರೊಟ್ಟಿ ಎಸೆಯುತ್ತಾರೆ, ತಾವು ವಿಧೇಯತೆಯಿಂದ ತಂದು ಒಪ್ಪಿಸುತ್ತೀರಿ. ಅದೇ ಬುಟ್ಟಿಯ ಅದೇ ರೊಟ್ಟಿಯನ್ನು ನಾನು ಎಸೆದರೆ ನೆಲ ಓದಲು ಕೂರುತ್ತೀರಿ. ಅವರು ಗುಡಿಯ ಕಟ್ಟೆಯ ಮೇಲೆ ಕೂತು, “ನಾನೇ ಕಲಿಸೀನ್ರಿ, ನಮ್ಮ ಸೊಸಿಗಿ ಆಗಲಿಲ್ಲ” ಎಂದು ಹೇಳಿಕೊಳ್ಳುವಾಗ ತಾವು ಪಕ್ಕದಲ್ಲೇ ಮಲಗಿದ್ದೂ ಒಂದು ಬೊಗಳಿನ ತಕರಾರನ್ನೂ ಎತ್ತುವುದಿಲ್ಲ. ಆದ್ದರಿಂದ ತಾವು ದಯಮಾಡಿ ಅವರೆದುರು ನನ್ನ ಪರವಾಗಿ ಸಾಕ್ಷಿ ನುಡಿಯಬೇಕು. ಸ್ವರೂಪಾ ಮಾಳಿಗೆಯ ಮೇಲಿರುವಾಗ ನಾನು ಎಸೆದದ್ದನ್ನು ಒಮ್ಮೆಯಾದರೂ, ಚೂರಾದರೂ, ಬಾಯಲ್ಲಿ ಹಿಡಿದು ತರಬೇಕು. ಮುಂದಿನ ಶ್ರಾವಣದಲ್ಲಿ ಅಯ್ಯನವರ ಪಾದವನ್ನು ಮೂಸಲೇಬೇಕೆನಿಸಿದರೆ ಸೀನನ್ನಾದರೂ ಪೂಜೆ ಮುಗಿಯುವವರೆಗೆ ತಡೆಹಿಡಿಯಬೇಕೆಂದು ಬೇಡುತ್ತೇನೆ.

ಇಂತಿ, ಸೀಟಿ ಸೋತರೂ ಸೋಲೊಪ್ಪದ
ತಮ್ಮ ವಿಶ್ವಾಸಿ,
ರಾಜೇಶ್ವರಿ

ತಾ.ಕ.: ಅಂದಿನ ಗಡಿಬಿಡಿಯಲ್ಲಿ ಕಂಬಳಿ, ತಾಟು ಇಳಿಸಿದೆನೇ ಹೊರತು ಚೆಂಡನ್ನು ಮರೆತೆ. ತಮ್ಮ ಬದಲು ಅದು ತಾಂಡೂರಿಗೆ ಹೋಯಿತು. ಗುರುಬಸವ ಫೋನ್ ಮಾಡಿ, ಕಳಿಸಿಕೊಡಲೇ ಎಂದು ಕೇಳಿದ. ಬೇಡಪ್ಪಾ, ತರುವವರು ನಮ್ಮಲ್ಲೇ ಇದ್ದಾರೆ ಎಂದೆ. ದಾರಿಯನ್ನು ಮೂಸಿ ನೋಡಿದರೆ ತಮಗೆ ತಾಂಡೂರು ಸಿಕ್ಕೀತು. ಈ ಸಲ ನಾನಂತೂ ಓಡುವುದಿಲ್ಲ.