ಒಂದು ದಿನ ಬೇಡಿಕೊಳ್ಳಬೇಡ

ವಿಜ್ಞಾನದ ಮೇಷ್ಟ್ರು ಶಾಲೆಗೆ ಹೊರಟು ಸೈಕಲ್ ಏರುವಾಗ ಹೆಂಡತಿ ಬಾಗಿಲಲ್ಲಿ ನಿಂತು, ಕಣ್ಣು ಮುಚ್ಚಿ, ‘ಇವರು ಕ್ಷೇಮವಾಗಿ ಬರಲಿ ದೇವರೇ’ ಎಂದು ತುಟಿಯಲ್ಲೇ ಅಂದುಕೊಳ್ಳುವುದು ಮದುವೆಯಾದಂದಿನಿಂದ ನಡೆದುಬಂದದ್ದು. ಆವತ್ತು ಮೇಷ್ಟ್ರು ಅದನ್ನು ಕಂಡೂ ಕಾಣದಂತೆ ಹೋಗಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ಇರಲಾರದೆ ಇರುವೆ ಬಿಟ್ಟುಕೊಂಡರು.

“ನೀನು ಬೇಡ್ಕೊಳ್ಳೋದ್ರಿಂದ್ಲೇ ನಾನು ಕ್ಷೇಮವಾಗಿ ಬರ್ತೀನಿ ಅನ್ನೋದಕ್ಕೆ ಪುರಾವೆ ಏನು?”

“ದಿನಾ ಬರ್ತಿದ್ದೀರಲ್ಲ ರೀ.”

“ಬೇಡ್ಕೊಳ್ಳದಿದ್ರೂ ಬರ್ತೀನಿ. ಇವತ್ತೊಂದು ದಿನ ಬಿಟ್ಟು ನೋಡು. ಅದಕ್ಕೇ ಪ್ರಯೋಗ ಅನ್ನೋದು.”

“ದೇವರನ್ನೂ ಪರೀಕ್ಷೆಗೆ ಕೂರಿಸ್ತೀರಾ?”

“ಇದು ವಿಜ್ಞಾನದ ಕಾಲ. ಪರೀಕ್ಷೆ ಬರೀದೆ ಯಾರೂ ಪಾಸಾಗಲ್ಲ.”

ಹೆಂಡತಿ ಮುಖ ಸಪ್ಪಗೆ ಮಾಡಿಕೊಂಡು ಹೂಂ ಅಂದಳು. ಒಳಗಿನಿಂದ ಮೇಷ್ಟ್ರ ತಾಯಿ, “ಇವನ ಓದು ಅತಿಯಾಯ್ತು” ಎಂದು ಗೊಣಗಿದರು. ಎದುರಿನ ದರ್ಜಿ ಹೊಲಿಗೆ ಯಂತ್ರ ನಿಲ್ಲಿಸಿ ಎಲ್ಲವನ್ನೂ ಕೇಳಿಸಿಕೊಂಡ. ಕತ್ತರಿಗಿಂತ ನಾಲಿಗೆ ಚುರುಕಾದ ಆಸಾಮಿ. ಮೇಷ್ಟ್ರ ಸೈಕಲ್ಲಿಗಿಂತ ಮುಂಚೆ ಸುದ್ದಿ ಶಾಲೆ ಮುಟ್ಟಿತು.

ಸೈಕಲ್ ತಡವಾಗಿದ್ದಕ್ಕೂ ಕಾರಣವಿತ್ತು. ತಿರುವಿನಲ್ಲಿ ಪ್ಯಾಂಟಿನ ಅಂಚು ಚೈನಿಗೆ ಸಿಕ್ಕಿ ಮೊಣಕಾಲಿನವರೆಗೂ ಹರಿದಿತ್ತು. ಮೇಷ್ಟ್ರು ಒಂದು ಕಾಲು ಮುಚ್ಚಿ, ಒಂದು ಕಾಲು ತೆರೆದು, ಅರ್ಧ ಸುಲಿದ ಬಾಳೆಹಣ್ಣಿನಂತೆ ಶಾಲೆಯೊಳಕ್ಕೆ ಬಂದರು.

ಡ್ರಿಲ್ ಮೇಷ್ಟ್ರು ಕಾಯುತ್ತಲೇ ಇದ್ದರು. “ಶುರುವಾಯ್ತಾ ಮೇಷ್ಟ್ರೇ?”

“ಕಾಕತಾಳೀಯ. ಕಾಗೆ ಕೂತಿದ್ದಕ್ಕೂ ಕೊಂಬೆ ಮುರಿದಿದ್ದಕ್ಕೂ ಸಂಬಂಧ ಇಲ್ಲ.”

ಆ ದಿನ ತರಗತಿಯಲ್ಲಿ ಗಾಳಿಯ ಒತ್ತಡದ ಪಾಠ. ಲೋಟದ ತುಂಬ ನೀರು ಹಾಕಿ, ಮೇಲೆ ರಟ್ಟು ಮುಚ್ಚಿ, ತಲೆಕೆಳಗು ಮಾಡಿದರೂ ನೀರು ಚೆಲ್ಲುವುದಿಲ್ಲ ಎಂದು ತೋರಿಸಬೇಕು. ಎಷ್ಟೋ ವರ್ಷಗಳಿಂದ ತೋರಿಸಿದವರೇ. ಎಲ್ಲರಿಗೂ ಕಾಣಲೆಂದು ಲೋಟವನ್ನು ತಮ್ಮ ತಲೆಯ ಮೇಲಕ್ಕೇ ಎತ್ತಿ ಹಿಡಿದರು. ರಟ್ಟು ಜಾರಿತು. ಮೇಷ್ಟ್ರು ತೊಯ್ದ ಬೆಕ್ಕಿನಂತೆ ನಿಂತರು. ಮಕ್ಕಳು ಇದೂ ಪಾಠವೆಂದುಕೊಂಡು ಚಪ್ಪಾಳೆ ತಟ್ಟಿದರು.

“ಎಷ್ಟು ಕಾಗೆ ಅಂತ ಕೂರುತ್ತೆ ಮೇಷ್ಟ್ರೇ ನಿಮ್ಮೇಲೆ?” ಎಂದ ಡ್ರಿಲ್ ಮೇಷ್ಟ್ರು ಕನಿಕರಪಟ್ಟು, ಅಲ್ಲಿಂದಾಚೆಗೆ ನೆರಳಿನ ಹಾಗೆ ಹಿಂದೆ ಬಿದ್ದರು. ಮೆಟ್ಟಿಲಿಳಿಯುವಾಗ, “ನೀವು ಒಬ್ಬರೇ ಇಳೀಬೇಡಿ” ಎಂದು ತೋಳು ಹಿಡಿದರು. ಮೇಷ್ಟ್ರು ಕೊಸರಿಕೊಂಡರು, ಅವರು ಇನ್ನೂ ಬಿಗಿಯಾಗಿ ಹಿಡಿದರು. ಈ ಜಗ್ಗಾಟದಲ್ಲಿ ಇಬ್ಬರೂ ಉರುಳಿದರು. ಡ್ರಿಲ್ ಮೇಷ್ಟ್ರು ಮಣ್ಣು ಕೊಡವಿಕೊಂಡು ಎದ್ದರು. ವಿಜ್ಞಾನದ ಮೇಷ್ಟ್ರ ಪಾದ ಬನ್ನಿನಂತೆ ಊದಿತು.

ಸಂಜೆ ಅವರನ್ನು ಸೈಕಲ್ಲಿನ ಹಿಂದೆ ಕೂರಿಸಿಕೊಂಡು ಡ್ರಿಲ್ ಮೇಷ್ಟ್ರೇ ಮನೆಗೆ ತಂದರು. ದರ್ಜಿ ಓಡಿ ಬಂದ. ತಾಯಿ, ಹೆಂಡತಿ ಇಬ್ಬರೂ ಬಾಗಿಲಿಗೆ ಬಂದರು. ದಾರಿಯುದ್ದಕ್ಕೂ ಬುದ್ಧಿಮಾತು ಕೇಳಿ ಮೇಷ್ಟ್ರು ಹಣ್ಣಾಗಿದ್ದರು. ಕಾಲು ನೋಯುವಾಗ ತತ್ತ್ವ ಕುಂಟುತ್ತದೆ.

“ಒಪ್ಕೊಂಡೆ ಕಣೇ” ಅಂದರು ಎಲ್ಲರೆದುರು. “ಒಂದು ದಿನ ಬಿಟ್ಟಿದ್ದಕ್ಕೆ ಇಷ್ಟಾಯ್ತು. ನಾಳೆಯಿಂದ ಬೇಡ್ಕೋ.”

ಹೆಂಡತಿ ಸೆರಗಿನಿಂದ ಕಣ್ಣೊರೆಸಿಕೊಂಡಳು. “ನನ್ನ ಕೈಲಿ ಬಿಡೋಕಾಗ್ಲಿಲ್ಲ ರೀ. ನೀವು ತಿರುವು ದಾಟೋ ಮುಂಚೇನೇ ಒಳಗೆ ಹೋಗಿ ಬೇಡ್ಕೊಂಡೆ. ಮನಸ್ಸು ತಡೀದೆ ಮಧ್ಯಾಹ್ನ ಇನ್ನೊಂದು ಸಲ.”

“ನಾನೂ ಬೇಡ್ಕೊಂಡೆ ಕಣೋ” ಅಂದರು ತಾಯಿ.

“ನಾನೂ ಒಂದು ಮಾತು ಹಾಕಿದ್ದೆ” ಅಂದ ದರ್ಜಿ. ಡ್ರಿಲ್ ಮೇಷ್ಟ್ರು ಕೆಮ್ಮಿ, ತಾವೂ ಹೌದೆಂಬಂತೆ ತಲೆಯಾಡಿಸಿದರು.

ಮೇಷ್ಟ್ರು ನೋವು ಮರೆತು ಎದ್ದು ನಿಂತರು. “ಹಾಗಾದ್ರೆ ಗೆದ್ದವನು ನಾನು. ಇಷ್ಟು ಜನ ಬೇಡ್ಕೊಂಡ್ರೂ ಪ್ಯಾಂಟು ಹರೀತು, ನೀರು ಚೆಲ್ತು, ಕಾಲು ಉಳುಕ್ತು. ಇನ್ನೇನು ಪುರಾವೆ ಬೇಕು?”

ದರ್ಜಿ ತಲೆ ಕೆರೆದುಕೊಂಡ. ಹೆಂಡತಿ ಮಾತ್ರ ಗಂಡನನ್ನು ಅಡಿಯಿಂದ ಮುಡಿಯವರೆಗೆ ನೋಡಿ ಮೆಲ್ಲಗೆ ಅಂದಳು:

“ಇಷ್ಟು ಜನ ಬೇಡ್ಕೊಂಡಿದ್ದಕ್ಕೆ ಬರೀ ಕಾಲು ಉಳುಕ್ತು. ಇಲ್ದಿದ್ರೆ?”

“ಅದೂ ಸರಿನೇ” ಎಂದು ಎಲ್ಲರೂ ಒಟ್ಟಿಗೆ ನಿಟ್ಟುಸಿರುಬಿಟ್ಟರು.

ಮೇಷ್ಟ್ರು ಬಾಯಿ ತೆರೆದರು. ಅದಕ್ಕೆ ಉತ್ತರ ಕೊಡಬೇಕಾದರೆ ಪ್ರಯೋಗವನ್ನು ಇನ್ನೊಮ್ಮೆ ಮಾಡಬೇಕಿತ್ತು, ಈ ಸಲ ಯಾರೂ ಕದ್ದು ಬೇಡಿಕೊಳ್ಳದ ಹಾಗೆ. ಊದಿದ ಕಾಲನ್ನೊಮ್ಮೆ ನೋಡಿಕೊಂಡು, ತೆರೆದ ಬಾಯನ್ನು ಹಾಗೆಯೇ ಮುಚ್ಚಿದರು.