ಲೈಸೆನ್ಸ್ ಇಲ್ಲದ ಮೇಯರ್

ನಮ್ಮ ಚಿಕ್ಕಮ್ಮ ಮೇಯರ್. ನಗಬೇಡಿ! ಮೂರು ಲಕ್ಷ ಜನರ ಊರು ಅವಳದು. ನೀರು, ಕರೆಂಟು, ಶಾಲೆ, ಕಸ, ಎಲ್ಲಾ ಅವಳ ಕೈಯಲ್ಲೇ. ಇಪ್ಪತ್ತೈದು ವರ್ಷದಿಂದ ಒಂದೇ ಒಂದು ಎಲೆಕ್ಷನ್ನೂ ಇಲ್ಲದೆ ಆಳುತ್ತಿದ್ದಾಳೆ. ಆದರೆ ಈ ಮೇಯರಮ್ಮನಿಗೆ ನ್ಯೂಜೆರ್ಸಿಯ ಹಿಲ್ಸ್‌ಬರೋದ ತನ್ನ ಮನೆಯಿಂದ ಹೋಗಿ ಒಂದು ಕಟ್ಟು ಕೊತ್ತಂಬರಿ ಸೊಪ್ಪು ತರಬೇಕಾದರೂ ಯಾರಾದರೂ ಕಾರಿನಲ್ಲಿ ಕರೆದುಕೊಂಡು ಹೋಗಬೇಕಿತ್ತು. ಯಾಕೆಂದರೆ ಅವಳ ಊರಿರುವುದು ಕಂಪ್ಯೂಟರಿನೊಳಗೆ, ಅವಳಿಗೆ ಡ್ರೈವಿಂಗ್ ಬರುತ್ತಿರಲಿಲ್ಲ.

ಮೈಸೂರಿನಲ್ಲಿ ಬಡಾವಣೆಗಳ ನಕ್ಷೆ ಬರೆಯುವ ಕಚೇರಿಯಲ್ಲಿದ್ದವಳು ಮದುವೆಯಾಗಿ ಪ್ಲೇನ್ಸ್‌ಬರೋದ ಅಪಾರ್ಟ್‌ಮೆಂಟಿಗೆ ಬಂದಿಳಿದಾಗ ಹೊರಗೆ ಮೊಣಕಾಲುದ್ದ ಸ್ನೋ. ಚಿಕ್ಕಪ್ಪ ಬೆಳಿಗ್ಗೆ ಟ್ರೇನ್ ಹಿಡಿದು ನ್ಯೂಯಾರ್ಕಿಗೆ ಹೋದರೆ, ಇವಳು ಕಿಟಕಿಗೆ ಅಂಟಿಕೊಂಡು ಕೂತಿರುತ್ತಿದ್ದಳು. ಆ ಸಪ್ಪೆ ಮುಖ ನೋಡಲಾರದೆ ಚಳಿ ಕಳೆದ ಮೇಲೆ ಅವರು ಯಾರದೋ ಮನೆಯಂಗಳದಲ್ಲಿ ಹಳೆ ಸಾಮಾನು ಮಾರುತ್ತಿದ್ದ ಯಾರ್ಡ್ ಸೇಲಿನಿಂದ ಊರು ಕಟ್ಟುವ ಆಟದ ಸಿ.ಡಿ. ತಂದುಕೊಟ್ಟರು. ಗಂಡನ ಜೊತೆ ಬಂದವಳಿಗೆ ಕೊಡುವ ಹೆಂಡತಿಯ ವೀಸಾದಲ್ಲಿ ಅಂಗಡಿ ಕೌಂಟರಿನಲ್ಲಿ ನಿಲ್ಲಲೂ ಅನುಮತಿಯಿರಲಿಲ್ಲ. ಮೇಯರ್ ಆಗುವುದಕ್ಕೆ ಯಾರ ಪರ್ಮಿಟ್ಟೂ ಬೇಕಿರಲಿಲ್ಲ!

ನಾನು ಇಲ್ಲಿಗೆ ಓದಲು ಬಂದ ಕಾಲದಲ್ಲಿ ಶನಿವಾರವೆಲ್ಲ ಅವರ ಮನೆಯಲ್ಲೇ. ಡುಬ್ಬು ಬೆನ್ನಿನ ಮಾನಿಟರ್, ಮಿಕ್ಸಿಯ ಹಾಗೆ ಕಿರುಚುವ ಫ್ಯಾನು, ಪಕ್ಕದಲ್ಲಿ ಚಿಕ್ಕಪ್ಪ ಕಲಸಿಟ್ಟ ಚುರುಮುರಿ. ಆಹಾ, ಏನು ಆಟ ಅದು! ಒಂದು ಖಾಲಿ ಬಯಲಿಗೆ ರಸ್ತೆ ಎಳೆದರೆ ಸಾಕು, ಇರುವೆಯಷ್ಟು ಕಾರುಗಳು ಬರುತ್ತಿದ್ದವು, ಕಿಟಕಿಗಳಲ್ಲಿ ದೀಪ ಹತ್ತುತ್ತಿತ್ತು. ಹತ್ತಿರ ಹೋಗಿ ಕಿವಿಗೊಟ್ಟರೆ ಶಾಲೆಯ ಗಂಟೆಯೂ ಕೇಳುತ್ತಿತ್ತು. ಈಗಿನ ಹೊಸ ಆಟಗಳಲ್ಲಿ ಮರದ ಎಲೆ ಅಲುಗಾಡುವುದೂ ಕಾಣುತ್ತದೆ, ಆದರೆ ಆ ಗಂಟೆ ಕೇಳಿದಾಗಿನ ಸಂತೋಷ ನನಗೆ ಮತ್ತೆ ಸಿಕ್ಕಿಲ್ಲ.

ಹಾಗಂತ ದೋಷಗಳಿಲ್ಲವೇ? ಕೇಳಿದರೆ ಚಿಕ್ಕಮ್ಮ ಒಂದು ಗಂಟೆ ಭಾಷಣ ಬಿಗಿಯುತ್ತಾಳೆ. ರಸ್ತೆ ಕೋಲಿನ ಹಾಗೆ ನೆಟ್ಟಗಿರಬೇಕು, ಬಳಸಿಕೊಂಡು ಹೋಗುವಂತಿಲ್ಲ. ಊರು ದೊಡ್ಡದಾದಷ್ಟೂ ಕಂಪ್ಯೂಟರ್ ಎಮ್ಮೆಯಾಗುತ್ತದೆ. ಅವಳ ವಾಸ್ತು ಪ್ರಕಾರ ಪವರ್ ಪ್ಲಾಂಟ್ ಆಗ್ನೇಯದಲ್ಲೇ ಇರಬೇಕು, ಆದರೆ ನಕ್ಷೆಯನ್ನು ಒಂದು ಸುತ್ತು ತಿರುಗಿಸಿದರೆ ಆಗ್ನೇಯ ಯಾವುದು ಅಂತ ಬ್ರಹ್ಮನಿಗೂ ತಿಳಿಯುವುದಿಲ್ಲ. ಎಲ್ಲಕ್ಕಿಂತ ಸಿಟ್ಟು ಪ್ರಜೆಗಳ ಮೇಲೆ.

"ಈ ಜನಕ್ಕೆ ಕಾಲಿಲ್ವೇನೇ? ಆಫೀಸು ಎದುರಿಗೇ ಇದೆ, ಆದ್ರೂ ಕಾರ್ ತಗೊಂಡು ಊರೆಲ್ಲ ಸುತ್ತಿ ಬರ್ತಾವೆ!"

"ಅದು ಆಟದ ತಪ್ಪಲ್ಲ ಚಿಕ್ಕಮ್ಮ, ಪಕ್ಕಾ ನ್ಯೂಜೆರ್ಸಿ," ಅಂದಿದ್ದೆ.

ಹೀಗೇ ನಡೆದುಹೋಗುತ್ತಿತ್ತೋ ಏನೋ. ಹೋದ ವರ್ಷ ಚಿಕ್ಕಪ್ಪನ ಸಕ್ಕರೆ ಕಾಯಿಲೆ ಕಣ್ಣಿಗಿಳಿಯಿತು. ತಿಂಗಳಿಗೊಮ್ಮೆ ಕಣ್ಣಿಗೇ ಇಂಜೆಕ್ಷನ್, ಸ್ಟೀರಿಂಗ್ ಮುಟ್ಟಕೂಡದೆಂದು ಡಾಕ್ಟರ ಅಪ್ಪಣೆ. ಸಿಯಾಟಲ್‌ನಲ್ಲಿರುವ ಮಗಳು ಫೋನಿನಲ್ಲಿ, "ಅಮ್ಮಾ, ಜಸ್ಟ್ ಸೆಲ್ ದ ಹೌಸ್ ಅಂಡ್ ಮೂವ್ ಇನ್ ವಿತ್ ಮಿ," ಅಂದಳು. ಒಳ್ಳೆಯ ಮನಸ್ಸಿನಿಂದಲೇ ಅಂದಳು, ಪಾಪ. ಚಿಕ್ಕಮ್ಮ ಫೋನಿಟ್ಟು ನನ್ನ ಕಡೆ ತಿರುಗಿದಳು.

"ಮತ್ತೊಂದ್ಸಲ ಗೊತ್ತಿಲ್ಲದ ಊರಿಗೆ ಹೋಗಿ ಕಿಟಕಿ ನೋಡ್ಕೊಂಡು ಕೂರೋಕೆ ನನ್ ಕೈಲಾಗಲ್ಲ ಕಣೇ. ನಂಗೆ ಡ್ರೈವಿಂಗ್ ಹೇಳ್ಕೊಡು."

ಗ್ರಹಚಾರ! ಸಮರ್‌ಸೆಟ್ಟಿನ ನನ್ನ ಆಫೀಸಿನ ಖಾಲಿ ಪಾರ್ಕಿಂಗ್ ಲಾಟಿನಲ್ಲಿ ಪಾಠ ಶುರುವಾಯಿತು. ಕಾರು ಓಡಿಸುವುದನ್ನು ಬೇಗ ಕಲಿತಳು, ಮೇಯರಗಿರಿ ಬಿಡಲು ಕಲಿಯಲಿಲ್ಲ. ಎಡಕ್ಕೆ ಹೋಗಬೇಕಾದರೆ ಬಲಕ್ಕಿಳಿದು ಸುತ್ತಿಕೊಂಡು ಬರಬೇಕೆನ್ನುವ ನಮ್ಮ ರಾಜ್ಯದ ವಿಚಿತ್ರ ತಿರುವು ಬಂದರೆ, "ಯಾವ ಪುಣ್ಯಾತ್ಮ ಕಟ್ಟಿದ್ದು ಇದನ್ನ? ನಮ್ಮೂರಲ್ಲಾಗಿದ್ರೆ ಆವತ್ತೇ ಒಡೆಸಿ ಹಾಕ್ತಿದ್ದೆ!" ಅನ್ನುವಳು. ಹಸಿರು ದೀಪ ಬಂದರೂ ಈ ತನಿಖೆ ಮುಗಿಯುತ್ತಿರಲಿಲ್ಲ.

ನಿಜವಾದ ಗಂಡಾಂತರ ಬೇರೆಯೇ ಇತ್ತು. ಆಟದಲ್ಲಿ ಗಲಿಬಿಲಿಯಾದರೆ ಒಂದು ಬಟನ್ ಒತ್ತಿ ಇಡೀ ಊರನ್ನೇ ನಿಲ್ಲಿಸಬಹುದಲ್ಲ? ಮೊದಲ ಸಲ ಹೈವೇ ಸೇರುವಾಗ ನಮ್ಮ ಮೇಯರ್ ಬ್ರೇಕ್ ಒತ್ತಿ, ಸ್ಟೀರಿಂಗ್ ಬಿಟ್ಟು, ಕೈಕಟ್ಟಿ ಕೂತಳು.

"ಏನ್ ಮಾಡ್ತಿದ್ದೀಯ!" ಕಿರುಚಿದೆ.

"ಸ್ವಲ್ಪ ನಿಲ್ಸಿ ಯೋಚನೆ ಮಾಡ್ತಿದೀನಿ."

ಹಿಂದಿದ್ದ ಟ್ರಕ್ಕಿನವನು ಹಾರ್ನಿನಲ್ಲೇ ನಮ್ಮ ಮೂರು ತಲೆಮಾರನ್ನು ಬೈದ.

ರೋಡ್ ಟೆಸ್ಟಿನ ದಿನ ಮತ್ತೂ ಚಂದ. ಕಾರನ್ನು ಹಿಂದೆ ಮುಂದೆ ಮಾಡಿ ತಿರುಗಿಸುವಾಗ ಚಕ್ರ ಒಂಚೂರು ಗೆರೆ ದಾಟಿತಂತೆ. ಅಷ್ಟಕ್ಕೆ ಇವಳು ಎಕ್ಸಾಮಿನರಿಗೆ, "ಒನ್ ಮಿನಿಟ್ ಸರ್, ಐ ವಿಲ್ ಗೋ ಬ್ಯಾಕ್ ಟು ದ ಬಿಗಿನಿಂಗ್," ಎಂದು ಹೇಳಿ, ಶುರು ಮಾಡಿದ ಜಾಗಕ್ಕೇ ರಿವರ್ಸಿನಲ್ಲಿ ಹೋಗಿ ನಿಂತಳಂತೆ! ಅವನು ನಗದೇ ಫೇಲು ಮಾಡಿದ.

ನನಗೆ ರೇಗಿತು. "ಇದೇನು ಸೇವ್ ಮಾಡಿಟ್ಟ ಆಟಾನಾ, ಕೆಟ್ಟರೆ ಮತ್ತೆ ತೆಗೆಯೋಕೆ?" ಎಂದುಬಿಟ್ಟೆ. ಚಿಕ್ಕಮ್ಮ ತಲೆ ತಗ್ಗಿಸಿದಳು. "ಅಲ್ಲಿ ತಪ್ಪಾದ್ರೂ ವಾಪಸ್ ಹೋಗ್ಬಹುದು ಕಣೇ. ಅದಕ್ಕೇ ಇಷ್ಟು ವರ್ಷ ಅಲ್ಲೇ ಧೈರ್ಯವಾಗಿ ಇದ್ದೆ," ಅಂದಳು. ನನ್ನ ನಾಲಿಗೆಗೆ ಬೆಂಕಿ ಹಾಕ!

ಅಂದಿನಿಂದ ಆರು ವಾರ ಅವಳು ಆ ಊರಿನ ಕಡೆ ತಲೆಯೇ ಹಾಕಲಿಲ್ಲ. ಎರಡನೆಯ ಟೆಸ್ಟಿನಲ್ಲಿ ಪಾಸಾದಳು.

ಮೊದಲ ಸವಾರಿ ಕಣ್ಣಿನ ಡಾಕ್ಟರ ಬಳಿಗೆ. ನಾನು ಹಿಂದಿನ ಸೀಟಿನಲ್ಲಿ ಕೂತು ಗೊತ್ತಿದ್ದ ದೇವರನ್ನೆಲ್ಲ ಕರೆದೆ. ಯಾರೂ ಬರಬೇಕಾಗಲಿಲ್ಲ; ಹೈವೇಗೂ ಬೆಣ್ಣೆಯಲ್ಲಿ ಕೂದಲೆಳೆದ ಹಾಗೆ ಸೇರಿಕೊಂಡಳು. ಇಂಜೆಕ್ಷನ್ ಆಗಿ ಕಪ್ಪು ಕನ್ನಡಕ ಹಾಕಿಕೊಂಡ ಚಿಕ್ಕಪ್ಪ ವಾಪಸ್ ಬರುವಾಗಲೂ ಅವಳ ಪಕ್ಕದ ಸೀಟಿನಲ್ಲಿ ಒರಗಿ ಕೂತರು. ಮನೆ ಮುಂದೆ ಕಾರು ನಿಂತರೂ ಸೀಟ್ ಬೆಲ್ಟ್ ಬಿಚ್ಚಲಿಲ್ಲ.

"ಇಳೀರಿ, ಮನೆ ಬಂತು," ಅಂದಳು ಚಿಕ್ಕಮ್ಮ.

"ಬಂದೇಬಿಡ್ತಾ? ಇನ್ನೊಂದು ರೌಂಡ್ ಹೋಗೋಣ್ವಾ?"

"ಎಲ್ಲಿಗ್ರೀ? ನಿಮಗೆ ಈಗ ಏನೂ ಕಾಣಲ್ಲ."

"ಕಾಣದಿದ್ರೆ ಬೇಡ ಬಿಡು. ಇಷ್ಟು ವರ್ಷ ನಾನೇ ಓಡಿಸ್ದೆ. ನಿನ್ನ ಪಕ್ಕ ಸುಮ್ನೆ ಕೂತ್ಕೊಂಡು ಹೋಗೋದು ಇಷ್ಟು ಚೆನ್ನಾಗಿರುತ್ತೆ ಅಂತ ಗೊತ್ತೇ ಇರ್ಲಿಲ್ಲ."

ಚಿಕ್ಕಮ್ಮ ಜಾಕೆಟ್ಟಿನ ತೋಳಿನಿಂದ ಮುಖ ಒರೆಸಿಕೊಂಡಳು. ನಾನು ಕೆಲಸವಿದೆಯೆಂದು ಸುಳ್ಳು ಹೇಳಿ ಇಳಿದೆ. ಕಾರು ಹಿಂದಕ್ಕೆ ಸರಿದು, ಇಂಡಿಕೇಟರ್ ಹಾಕಿಕೊಂಡು, ನಿಧಾನವಾಗಿ ರಸ್ತೆಗಿಳಿಯಿತು. ಡ್ರೈವ್‌ವೇಯಲ್ಲಿ ನಿಂತು ಅತ್ತುಬಿಟ್ಟೆ. ಅಷ್ಟರಲ್ಲಿ ಸಿಯಾಟಲ್‌ನಿಂದ ಮಗಳ ಫೋನು, ಗಾಬರಿಯ ದನಿ: "ಅಕ್ಕಾ, ಆರ್ ದೇ ಹೋಮ್ ಯೆಟ್?"

"ಬಂದಿದ್ರು ಕಣೇ," ಅಂದೆ. "ಮತ್ತೆ ಹೋದ್ರು."