ಹಿನ್ನೆಲೆಯ ಮಸುಕು

ಓದದೆ ಸಹಿ ಹಾಕುವುದು ಜೆಪ್ಪುವಿನ ಹೋಟೆಲ್ ಮಾಲೀಕ ಸರ್ವೋತ್ತಮ ಶೆಟ್ಟರ ಹಳೆಯ ಚಾಳಿ. ಮಗಳು ತೃಷಾಳ ಶಾಲೆಯಿಂದ ಒಂದು ವಾರದ ಮಟ್ಟಿಗೆ ಟ್ಯಾಬ್ ಬಂದಾಗ, ಜೊತೆಗಿದ್ದ ಒಪ್ಪಿಗೆ ಪತ್ರಕ್ಕೂ ಹಾಗೆಯೇ ಗೀಚಿದ್ದರು. "ಮಕ್ಕಳನ್ನು ಪರದೆಗೆ ಒಪ್ಪಿಸಬೇಡಿ" ಎಂದು ಊರಿಡೀ ಭಾಷಣ ಮಾಡುವ ಪೋಷಕರ ಸಂಘದ ಅಧ್ಯಕ್ಷರು ಬೇರೆ. ಹಾಗಾಗಿ ಮಕ್ಕಳು ಮತ್ತು ಪರದೆಯ ಬಗ್ಗೆ ಕಲಾವಿದೆ ಸೋನಿಯಾ ಮಾಡಿದ ವಿಡಿಯೊ ಪ್ರದರ್ಶನಕ್ಕೆ ಅವರೇ ಉದ್ಘಾಟಕರು.

ಉದ್ಘಾಟನೆಯ ದಿನ ಬೆಳಿಗ್ಗೆ ಹೆಂಡತಿ ಆಶಾಲತಾ ಆಮಂತ್ರಣ ಓದಿದರು.

"ಇದು ನೋಡಿ ಮಾರಾಯ್ರೆ, ಮಕ್ಕಳು ಪರದೆ ನೋಡುವಾಗ ಆ ಟ್ಯಾಬೇ ಅವರ ವಿಡಿಯೊ ತೆಗೆದದ್ದಂತೆ. ಹನ್ನೆರಡು ಮನೆ, ಹನ್ನೆರಡು ಪರದೆ."

ಶೆಟ್ಟರು ಕಚ್ಚಿದ್ದ ಗೋಳಿಬಜೆಯನ್ನು ತಟ್ಟೆಗೆ ಹಾಕಿದರು. ತೃಷಾ ಕೂರುವ ಜಾಗದ ಹಿಂದೆಯೇ ಸೋಫಾ. ಆಶಾಲತಾ ತವರಿಗೆ ಹೋಗಿದ್ದ ಆ ವಾರವಿಡೀ ಮಗುವಿನ ಮುಂದೆ ಟ್ಯಾಬ್ ಇಟ್ಟು, ತಾವು ಬನಿಯನ್ನಿನಲ್ಲಿ ಬಿದ್ದುಕೊಂಡು ಫೋನಿನಲ್ಲಿ ರೀಲ್ಸ್ ನೋಡಿದ್ದರು.

ತಿಂಡಿ ಬಿಟ್ಟು ಪ್ರದರ್ಶನದ ಜಾಗಕ್ಕೆ ಓಡಿದರು.

"ಡಿಲೀಟ್ ಮಾಡಿ ಮಾರಾಯ್ರೆ, ನನ್ನ ಮರ್ಯಾದೆ ಪ್ರಶ್ನೆ!"

"ನಿಮ್ಮದೇ ಸಹಿ ಉಂಟಲ್ಲ ಸರ್," ಎಂದಳು ಸೋನಿಯಾ.

"ಹಾಗಾದ್ರೆ ನನ್ನನ್ನು ಮಾತ್ರ ಮಸುಕು ಮಾಡಿ."

ಸೋನಿಯಾ ಒಂದು ಗಳಿಗೆ ಯೋಚಿಸಿ, ಕಣ್ಣರಳಿಸಿ ಒಪ್ಪಿದಳು. ಶೆಟ್ಟರು ಬದುಕಿದೆಯಾ ಬಡಜೀವವೇ ಎಂದುಕೊಂಡರು.

ಸಂಜೆ ಸಭಾಂಗಣ ತುಂಬಿತ್ತು. ಗೋಡೆಯ ಮೇಲೆ ತೃಷಾಳ ದೊಡ್ಡ ಮುಖ, ಅವಳ ಹಿಂದೆ ಬೆಂದ ಕಡುಬಿನಂಥ ಬಿಳಿ ಮಸುಕು.

"ಹಿಂದೆ ಅದೆಂತದು ಶೆಟ್ರೇ?" ಎಂದು ಪಕ್ಕದ ಹಣ್ಣಿನಂಗಡಿಯ ಕಬೀರ್ ಕೇಳಿದರು.

"ಅದಾ? ನನ್ನ ಹೆಂಡತಿಯ ತಮ್ಮ, ಶೋಭಿತ್."

ಸುಳ್ಳು ಸಲೀಸಾಗಿ ಹೋದದ್ದೇ ತಡ, ಭಾಷಣಕ್ಕೂ ಹುರುಪು ಬಂತು. "ಮಗುವಿನ ಮುಂದೆ ಪರದೆ ಇಟ್ಟು ಬಿದ್ದುಕೊಳ್ಳುವ ಇಂಥವರಿಗೆ ನಾಚಿಕೆಯಾಗಬೇಕು!"

ಎಲ್ಲರೂ ಚಪ್ಪಾಳೆ ತಟ್ಟಿದರು, ಆಶಾಲತಾ ಒಬ್ಬರನ್ನು ಬಿಟ್ಟು. "ನನ್ನ ತಮ್ಮ ಆರು ತಿಂಗಳಿಂದ ದುಬಾಯಿಯಲ್ಲಿದ್ದಾನೆ," ಎಂದರು ಅವರು, ಮುಂದಿನ ಸಾಲಿಗೆಲ್ಲ ಕೇಳುವಂತೆ.

"ಈಗ ಸೌಂಡ್ ಹಾಕ್ತೇನೆ," ಎಂದಳು ಸೋನಿಯಾ.

ಗೋಡೆಯ ಮೇಲಿನ ತೃಷಾ ಹಿಂದಕ್ಕೆ ತಿರುಗಿ ಒಂದು ಚಿತ್ರ ಎತ್ತಿ ಹಿಡಿದಳು. "ಪಪ್ಪಾ, ನೋಡಿ."

"ಒಂದ್ನಿಮಿಷ ಪುಟ್ಟ," ಎಂದಿತು ಮಸುಕು.

"ಪಪ್ಪಾ..."

"ಒಂದ್ನಿಮಿಷ ಪುಟ್ಟ."

ಅರ್ಧ ಜೆಪ್ಪು ದಿನಾ ಹೋಟೆಲಿನಲ್ಲಿ ಕೇಳುವ ದನಿ. ನಾಲ್ಕು ಸಲ ಕರೆದ ಮಗು ಚಿತ್ರವನ್ನು ಮಡಚಿಟ್ಟು ತಾನಾಗಿಯೇ ಟ್ಯಾಬಿನತ್ತ ತಿರುಗಿತು. ಶೆಟ್ಟರಿಗೆ ಬನಿಯನ್ನೂ ಮರೆತುಹೋಯಿತು, ಸುಳ್ಳೂ ಮರೆತುಹೋಯಿತು. ಆ ಚಿತ್ರದಲ್ಲಿ ಏನಿತ್ತೆಂದು ತಮಗೆ ಇವತ್ತಿಗೂ ಗೊತ್ತಿಲ್ಲವಲ್ಲ ಎಂದು ನಾಚಿಕೆಯಿಂದ ಕುಗ್ಗಿಹೋದರು.

ಸೋನಿಯಾ ಮೈಕ್ ಹಿಡಿದಳು. "ಈ ಮಸುಕು ನನ್ನ ಐಡಿಯಾ ಅಲ್ಲ. ಮಗುವಿಗೆ ಅಪ್ಪ ಕಾಣುವುದೇ ಹೀಗೆ ಅಂತ ತೋರಿಸಿಕೊಟ್ಟದ್ದು ಸರ್ವೋತ್ತಮ ಸರ್. ಮುಂದಿನ ಪ್ರದರ್ಶನ ಕೊಚ್ಚಿ, ಮುಂಬೈಯಲ್ಲಿ. ಎಲ್ಲ ಕಡೆ ಅವರ ಹೆಸರು ಹಾಕ್ತೇವೆ!"

ಫೋಟೋದವರು ಮುತ್ತಿಕೊಂಡರು. ಆ ನೂಕುನುಗ್ಗಲಲ್ಲಿ ತೃಷಾ ಅಪ್ಪನ ಅಂಗಿಯ ತುದಿ ಜಗ್ಗಿದಳು. ಅವಳ ಕೈಯಲ್ಲಿ ಅದೇ ಮಡಚಿದ ಕಾಗದ.

"ಪಪ್ಪಾ, ಚಿತ್ರ ತಂದಿದ್ದೇನೆ. ಈಗ ನೋಡ್ತೀರಾ?"

ಶೆಟ್ಟರ ಕಣ್ಣು ತುಂಬಿತು. ಬಗ್ಗಿ ಕೈ ಚಾಚಿದರು.

"ಸರ್, ಈ ಕಡೆ ನೋಡಿ! ಒಂದು ಫೋಟೋ!"

ಅಭ್ಯಾಸಬಲ, ಮುಖ ಕ್ಯಾಮೆರಾದತ್ತ ತಿರುಗಿಯೇಬಿಟ್ಟಿತು.

"ಒಂದ್ನಿಮಿಷ ಪುಟ್ಟ," ಎಂದರು.

ಮೊದಲಿನಿಂದ ಮತ್ತೆ ಶುರುವಾಗಿದ್ದ ವಿಡಿಯೊದಲ್ಲಿ ಮಸುಕೂ ಅದೇ ಹೊತ್ತಿಗೆ ಅದನ್ನೇ ಹೇಳಿತು. ಸಭೆಗೆ ಎರಡೂ ಸ್ಪಷ್ಟವಾಗಿ ಕೇಳಿಸಿದವು.